ಚಾಲೂ ಇದ್ದದ್ದೆಲ್ಲ ದುಡಿಯುವುದಿಲ್ಲ

ನಮ್ಮ ಶಾಲೆಗಳ ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರಿಗೆ ಎರಡೇ ಅವಸ್ಥೆಗಳು. ಒಂದು, ಚಾಲೂ ಇದೆ; ಇನ್ನೊಂದು, ಕೆಟ್ಟಿದೆ. ಮೂರನೆಯ ಅವಸ್ಥೆಗೆ ಅಲ್ಲಿ ಜಾಗವೇ ಇಲ್ಲ. ಗುಂಡಿ ಒತ್ತಿದರೆ ಹತ್ತುತ್ತದೆ, ಪರದೆಯ ಮೇಲೆ ಚಿತ್ರ ಮೂಡುತ್ತದೆ, ಹೆಸರು ಟೈಪು ಮಾಡಿದರೆ ಅಕ್ಷರ ಬೀಳುತ್ತವೆ. ಆದರೆ ನಿಜವಾದ ಕೆಲಸಕ್ಕೆ ಹಚ್ಚಿ ಹತ್ತು ನಿಮಿಷವಾಗುವುದರೊಳಗೆ ಟಪ್ಪೆಂದು ಆರಿಹೋಗುತ್ತದೆ. ಬಾದಾಮಿಯಿಂದ ಇಳಕಲ್ಲಿನವರೆಗೆ ನಾನು ಕಂಡ ಶಾಲೆಗಳಲ್ಲಿ ಈ ಮೂರನೆಯ ಜಾತಿಯ ಯಂತ್ರಗಳಿಗೆ ಬರವಿಲ್ಲ. ತಪಾಸಣೆಗೆ ಬಂದವರು ಎಲ್ಲವನ್ನೂ ಒಮ್ಮೆ ಹಚ್ಚಿಸುತ್ತಾರೆ, ಎಣಿಸುತ್ತಾರೆ, ‘ಎಲ್ಲಾ ಚಾಲೂ ಅದಾವು’ ಎಂದು ಬರೆದುಕೊಂಡು ಹೋಗುತ್ತಾರೆ. ಹೊತ್ತೊಯ್ಯುವ ಭಾರವನ್ನು ಹೇರದೆ, ಕೊಟ್ಟಿಗೆಯಲ್ಲಿ ನಿಂತಿರುವ ಎತ್ತನ್ನು ನೋಡಿಯೇ ‘ಉಳುಮೆಗೆ ಸೈ’ ಎಂದು ಬರೆದಂತೆ ಇದು.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ‘ಇದು ನಿಮ್ಮ ಸಬ್ಜೆಕ್ಟ್ ಅಲ್ಲ ಬಿಡ್ರಿ ಅಕ್ಕಾರ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಈ ವಿಷಯದಲ್ಲಿ ನನಗೊಂದು ಸಿಟ್ಟಿದೆ. ಆ ಸಿಟ್ಟಿಗೆ ಕಾರಣವೂ ಇದೆ. ಅದನ್ನು ಹೇಳಿಬಿಡುತ್ತೇನೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಐಹೊಳೆಯ ಪ್ರವಾಸದ ಫೋಟೋಗಳನ್ನು ಜೋಡಿಸಿ, ತನ್ನ ದನಿಯಲ್ಲೇ ವಿವರಣೆ ಕೊಟ್ಟು, ಒಂದು ಚಿಕ್ಕ ಚಿತ್ರ ಮಾಡುತ್ತಿದ್ದಳು. ಅವಳ ತಂದೆ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೂಲಿ. ಅವಳಿಗೆ ಸಿಕ್ಕುವ ಕಂಪ್ಯೂಟರ್ ಎಂದರೆ ಶಾಲೆಯದೊಂದೇ. ಎಲ್ಲ ಜೋಡಿಸಿ ಮುಗಿಸಿ, ಕೊನೆಗೆ ಅದನ್ನು ಒಂದು ಫೈಲಾಗಿ ಮಾಡಲು ಆಜ್ಞೆ ಕೊಟ್ಟಾಗಲೆಲ್ಲ ಯಂತ್ರ ಆರಿತು. ಒಂದಲ್ಲ, ಮೂರು ಸಲ. ರಿಪೇರಿಗೆಂದು ಬಂದ ಒಬ್ಬ ತರುಣ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ, ‘ಈ ಹುಡುಗಿ ಏನೇನೋ ಒತ್ಯಾಳ್ರಿ, ಅದಕ್ಕ ಹಾಳಾಗೈತಿ’ ಎಂದ. ಎಲ್ಲರ ಮುಂದೆ ಅಂದ. ಆಮೇಲೆ ಒಂದು ತಿಂಗಳು ಆ ಹುಡುಗಿ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಒಂದು ಯಂತ್ರದ ಧೂಳಿನ ಪಾಪವನ್ನು ಒಂದು ಮಗುವಿನ ತಲೆಗೆ ಕಟ್ಟುವುದು ಇಷ್ಟು ಸುಲಭ.

ಯೋಚಿಸಿ ನೋಡಿ. ಕೀಲಿ ಒತ್ತಿದ್ದರಿಂದ ಯಂತ್ರ ಆರುವುದಾದರೆ ಆ ಯಂತ್ರವನ್ನು ತಂದದ್ದು ಯಾತಕ್ಕೆ? ಭಾರ ಹೊರುವುದೇ ಅದರ ಧರ್ಮ. ಭಾರ ಹಾಕಿದಾಗ ಅದು ಬಿದ್ದರೆ, ಭಾರ ಹಾಕಿದವರನ್ನು ಬೈಯುವುದಲ್ಲ, ಅದರ ಕಾಲು ಯಾಕೆ ಸೋತಿತೆಂದು ನೋಡುವುದು ನ್ಯಾಯ. ನಮ್ಮ ಮಗ್ಗದವರನ್ನು ಕೇಳಿ. ಹಾಸಿನ ಎಳೆ ಹರಿದರೆ ನೇಕಾರ ಮಗ್ಗವನ್ನೇ ಬದಲಿಸುವುದಿಲ್ಲ, ಮಗಳನ್ನು ಬೈಯುವುದಿಲ್ಲ. ಹರಿದ ಎಳೆ ಎಲ್ಲಿದೆಯೆಂದು ಹುಡುಕಿ ಗಂಟು ಹಾಕುತ್ತಾನೆ. ಇಷ್ಟು ವಿವೇಕ ಮಗ್ಗದ ಮನೆಯಲ್ಲಿದೆ, ಕಂಪ್ಯೂಟರ್ ಕೋಣೆಯಲ್ಲಿ ಇಲ್ಲ.

ಅಲ್ಲಿ ಇರುವುದು ಮೂರು ಮಂತ್ರಗಳು. ‘ಫಾರ್ಮ್ಯಾಟ್ ಹೊಡೀರಿ’ ಎಂಬುದು ಮೊದಲನೆಯದು. ‘ಓವರ್‌ಲೋಡ್ ಆಗೈತಿ, ಅಷ್ಟು ಉಪಯೋಗಿಸಬ್ಯಾಡ್ರಿ’ ಎಂಬುದು ಎರಡನೆಯದು. ‘ಹಳೇದಾತು, ಹೊಸಾದು ಬರೂತನಕ ಮುಚ್ಚಿಡ್ರಿ’ ಎಂಬುದು ಮೂರನೆಯದು. ಒಂದೊಂದನ್ನೂ ಬಿಡಿಸಿ ನೋಡೋಣ.

ಮೊದಲು ಫಾರ್ಮ್ಯಾಟ್. ಜ್ವರ, ಕೆಮ್ಮು, ಕಾಲುನೋವು ಎಲ್ಲಕ್ಕೂ ಒಂದೇ ಸೂಜಿ ಹಾಕುವ ವೈದ್ಯರು ಹಿಂದೆ ನಮ್ಮ ಹಳ್ಳಿಗಳಲ್ಲಿದ್ದರು. ಫಾರ್ಮ್ಯಾಟ್ ಅಂಥ ಸೂಜಿ. ತಂತ್ರಾಂಶದ ದೋಷವಿದ್ದರೆ ಸಾಮಾನ್ಯವಾಗಿ ಯಂತ್ರ ಸ್ತಬ್ಧವಾಗುತ್ತದೆ, ಇಲ್ಲವೆ ನೀಲಿ ಪರದೆ ಬಂದು ತಾನಾಗಿ ಮತ್ತೆ ಹತ್ತುತ್ತದೆ. ಯಾವ ಸೂಚನೆಯೂ ಇಲ್ಲದೆ, ಪಂಖ ಸಹಿತ ಎಲ್ಲವೂ ಒಂದೇ ಕ್ಷಣಕ್ಕೆ ನಿಂತರೆ ಅದು ಹೆಚ್ಚಾಗಿ ಶಾಖದ ಕಥೆ, ಇಲ್ಲವೆ ವಿದ್ಯುತ್ತಿನ ಕಥೆ. ವಿಂಡೋಸ್‌ನ ದಾಖಲೆಯಲ್ಲಿ ಇಂಥ ಸಂದರ್ಭದಲ್ಲಿ ‘ಕರ್ನಲ್ ಪವರ್ ೪೧’ ಎಂಬ ನಮೂದು ಬೀಳುತ್ತದೆ. ಅದನ್ನು ತೋರಿಸಿ ‘ನೋಡ್ರಿ, ಕರ್ನಲ್ ಕೆಟ್ಟೈತಿ’ ಎಂದು ಹಣ ಕೇಳಿದವರಿದ್ದಾರೆ. ಆ ನಮೂದಿನ ಅರ್ಥ ಇಷ್ಟೇ: ಹಿಂದಿನ ಸಲ ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಿಕೊಳ್ಳಲಿಲ್ಲ. ದೀಪ ಆರಿತು ಎಂದು ಅದು ಹೇಳುತ್ತದೆ. ಎಣ್ಣೆ ತೀರಿತೋ ಗಾಳಿ ಬೀಸಿತೋ ಹೇಳುವುದಿಲ್ಲ.

ಅನುಮಾನವಿದ್ದರೆ ಪರೀಕ್ಷೆ ಸುಲಭ. ಉಬುಂಟುವಿನಂಥ ಉಚಿತ ವ್ಯವಸ್ಥೆಯನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರ ಹಚ್ಚಿ, ಅದಕ್ಕೂ ಭಾರದ ಕೆಲಸ ಕೊಡಿ. ಆಗಲೂ ಆರಿದರೆ ವಿಂಡೋಸ್ ನಿರಪರಾಧಿ. ಅದನ್ನು ಅಳಿಸಿ ಮಕ್ಕಳ ಕೆಲಸವನ್ನೆಲ್ಲ ನೀರುಪಾಲು ಮಾಡುವ ಹಕ್ಕು ಯಾರಿಗೂ ಇಲ್ಲ.

ಎರಡನೆಯದು ಓವರ್‌ಲೋಡ್. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. ಭಾರ ಹೆಚ್ಚಾದಾಗ ಒಳಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ಉಳಿದರ್ಧವೂ ತಿಳಿಯುತ್ತದೆ. ಸಾಧಾರಣ ಡೆಸ್ಕ್‌ಟಾಪಿನ ಪ್ರೊಸೆಸರು ಸುಮ್ಮನೆ ಕುಳಿತಾಗ ಬಹಳ ಕಡಿಮೆ ವಿದ್ಯುತ್ತು ಉಣ್ಣುತ್ತದೆ. ಚಲನಚಿತ್ರ ಜೋಡಿಸುವಂಥ ಕೆಲಸ ಬಂದಾಗ ಅದರ ಎಲ್ಲ ಭಾಗಗಳೂ ಎದ್ದು, ೬೫ ವ್ಯಾಟ್ ಎಂದು ನಮೂದಿಸಿದ್ದು ಅಷ್ಟನ್ನೂ, ಕೆಲವು ಸಲ ಅದಕ್ಕಿಂತ ಹೆಚ್ಚನ್ನೂ ಉಣ್ಣುತ್ತದೆ. ಹಳೆಯ ೬೦ ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಆ ಬಿಸಿ ಗೊತ್ತು. ಅಷ್ಟು ಬಿಸಿ ಹೆಬ್ಬೆರಳ ಉಗುರಿನಷ್ಟಗಲದ ಒಂದು ಚೂರಿನಿಂದ ಹೊರಬೀಳಬೇಕು. ಅದಕ್ಕಾಗಿ ಅದರ ಮೇಲೆ ಅಲ್ಯುಮಿನಿಯಂ ರೆಕ್ಕೆಗಳ ಒಂದು ಗಟ್ಟಿ, ನಡುವೆ ಶಾಖ ದಾಟಿಸುವ ಲೇಪ, ಮೇಲೊಂದು ಪಂಖ. ಈ ಮೂರರಲ್ಲಿ ಒಂದು ಸೋತರೂ ಬಿಸಿ ಒಳಗೇ ಉಳಿಯುತ್ತದೆ. ಈಗಿನ ಪ್ರೊಸೆಸರುಗಳು ೧೦೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಅದೂ ಸಾಲದಿದ್ದರೆ ಸುಟ್ಟುಹೋಗುವ ಬದಲು ಆರಿಕೊಳ್ಳುತ್ತವೆ. ಅಂದರೆ ಆರುವುದು ಯಂತ್ರದ ಹಟವಲ್ಲ, ಜೀವ ಉಳಿಸಿಕೊಳ್ಳುವ ಉಪಾಯ.

ಈಗ ನಮ್ಮ ಊರುಗಳ ಧೂಳನ್ನು ನೆನೆಯಿರಿ. ಹುನಗುಂದದ ಎರೆಮಣ್ಣಿನ ಧೂಳು, ಬಾದಾಮಿಯ ಕೆಂಪು ಮರಳುಗಲ್ಲಿನ ಪುಡಿ, ಇಳಕಲ್ಲಿನ ಗ್ರಾನೈಟ್ ಹಿಟ್ಟು, ಮಗ್ಗದ ಓಣಿಗಳ ನೂಲಿನ ಎಳೆಗಳು. ಮೇಲೆ ತಗಡಿನ ಚಾವಣಿ; ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ. ಕೋಣೆಯ ಗಾಳಿಯೇ ಅಷ್ಟು ಬಿಸಿಯಿದ್ದಾಗ ಆ ಗಾಳಿಯಿಂದ ಪ್ರೊಸೆಸರನ್ನು ತಂಪು ಮಾಡುವುದು ಕಷ್ಟವೇ. ಅದರ ಜೊತೆಗೆ ಧೂಳು ಬರುತ್ತದೆಂದು ಕಿಟಕಿ ಮುಚ್ಚುತ್ತೇವೆ, ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡುತ್ತೇವೆ, ನಡೆಯುತ್ತಿರುವ ಯಂತ್ರಕ್ಕೂ ಪ್ಲಾಸ್ಟಿಕ್ ಗವಸು ಹಾಕಿಡುತ್ತೇವೆ. ಖಂಡೆ ಪೂಜೆಯ ದಿನ ಊದುಬತ್ತಿಯನ್ನು ಪಂಖದ ಬಾಯಿಗೇ ಚುಚ್ಚಿಡುವುದನ್ನು ನಾನು ಕಂಡಿದ್ದೇನೆ. ಪೂಜೆ ಬೇಡವೆಂದು ನಾನು ಹೇಳುವುದಿಲ್ಲ. ಆಯುಧ ಪೂಜೆಯ ಮೊದಲ ವಿಧಿ ಆಯುಧವನ್ನು ಒರೆಸಿ ತೊಳೆಯುವುದು. ಆ ವಿಧಿಯನ್ನು ಮರೆತು ಕುಂಕುಮವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಇನ್ನು ವಿದ್ಯುತ್ತಿನ ಕಥೆ. ಪೆಟ್ಟಿಗೆಯ ಹಿಂಭಾಗದಲ್ಲಿರುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಇಡೀ ಯಂತ್ರದ ಅಡುಗೆಮನೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘೪೫೦’ ಎಂದಿರುತ್ತದೆ. ನಾವು ಅದನ್ನು ೪೫೦ ವ್ಯಾಟ್ ಎಂದು ನಂಬುತ್ತೇವೆ. ಕೆಳಗೆ ಸಣ್ಣ ಅಕ್ಷರದ ಪಟ್ಟಿಯನ್ನು ಓದಿ. ಪ್ರೊಸೆಸರು ಬೇಡುವುದು ೧೨ ವೋಲ್ಟಿನ ಸಾಲಿನಿಂದ. ಅಲ್ಲಿ ೧೬ ಆಂಪಿಯರ್ ಎಂದು ಬರೆದಿದ್ದರೆ ೧೨ನ್ನು ೧೬ರಿಂದ ಗುಣಿಸಿ. ಬರುವುದು ೧೯೨ ವ್ಯಾಟ್ ಮಾತ್ರ. ಗುಣಾಕಾರ ಐದನೆಯ ತರಗತಿಯದು, ಮೋಸ ಅದಕ್ಕಿಂತ ದೊಡ್ಡದು. ಮೇಲಾಗಿ ಅದರೊಳಗಿನ ಕೆಪಾಸಿಟರುಗಳು ಬಿಸಿಯಲ್ಲಿ ಬೇಗ ಮುದಿಯಾಗುತ್ತವೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಇಂಜಿನಿಯರುಗಳ ಸಾಮಾನ್ಯ ಲೆಕ್ಕ. ನಮ್ಮ ಲೈನಿನ ಕರೆಂಟು ಕಣ್ಣುಮಿಟುಕಿಸಿದಾಗ ಒಳ್ಳೆಯ ಪವರ್ ಸಪ್ಲೈ ಸುಮಾರು ೧೬ ಮಿಲಿಸೆಕೆಂಡಿನ ಅಂತರವನ್ನು ತನ್ನ ಸಂಗ್ರಹದಿಂದಲೇ ದಾಟಿಸುತ್ತದೆ. ಮುದಿಯಾದದ್ದು ದಾಟಿಸಲಾರದು, ಅದೂ ಭಾರ ಹೊತ್ತಿರುವಾಗ ಇನ್ನೂ ಬೇಗ ಕೈಬಿಡುತ್ತದೆ. ಆದ್ದರಿಂದಲೇ ಸುಮ್ಮನಿದ್ದಾಗ ಆರದ ಯಂತ್ರ ಕೆಲಸದ ನಡುವೆ ಆರುತ್ತದೆ.

ನಮ್ಮ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರೂ ನಾನೂ ಕೂಡಿ, ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ಹೀಗೆ ಆರುತ್ತಿದ್ದ ಮೂರು ಯಂತ್ರಗಳನ್ನು ಪರೀಕ್ಷಿಸಿದೆವು. ಮೊದಲು ಮುಟ್ಟಲಿಲ್ಲ, ಪ್ರಶ್ನೆ ಕೇಳಿದೆವು. ಹಚ್ಚಿದ ಎಷ್ಟು ನಿಮಿಷಕ್ಕೆ ಆರುತ್ತದೆ? ಆರಿದ ಕೂಡಲೆ ಹತ್ತುತ್ತದೆಯೋ, ತಣ್ಣಗಾದ ಮೇಲೆ ಹತ್ತುತ್ತದೆಯೋ? ಪೆಟ್ಟಿಗೆ ಒಂದೇ ಆರುತ್ತದೆಯೋ, ಮಾನಿಟರೂ ಕೂಡಿ ಆರುತ್ತದೆಯೋ? ಬೆಳಿಗ್ಗೆ ಹೆಚ್ಚೋ ಮಧ್ಯಾಹ್ನ ಹೆಚ್ಚೋ? ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದೆವು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಎಂಬುದು ನಮ್ಮ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ಗೊತ್ತಾಗುವುದಿಲ್ಲ.

ಒಂದನೆಯದು ಹನ್ನೆರಡು ನಿಮಿಷಕ್ಕೆ ಆರುತ್ತಿತ್ತು. ಕೂಡಲೆ ಹಚ್ಚಿದರೆ ಎರಡೇ ನಿಮಿಷಕ್ಕೆ ಮತ್ತೆ ಆರುತ್ತಿತ್ತು. ಅರ್ಧ ತಾಸು ಬಿಟ್ಟರೆ ಮತ್ತೆ ಹನ್ನೆರಡು ನಿಮಿಷ. ಇದು ಶಾಖದ ಲಕ್ಷಣ. ತಾಪ ತೋರಿಸುವ ಉಚಿತ ತಂತ್ರಾಂಶ ಹಾಕಿ ನೋಡಿದರೆ ಅಂಕಿ ನಮ್ಮ ಕಣ್ಣೆದುರಿಗೇ ತೊಂಬತ್ತು ದಾಟಿ ಏರುತ್ತಿತ್ತು. ಬಿಚ್ಚಿದಾಗ ಪಂಖದ ಕೆಳಗೆ ರೆಕ್ಕೆಗಳ ಸಂದಿಯಲ್ಲಿ ಧೂಳು, ನೂಲು ಕೂಡಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಲೇಪ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಪಂಖ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆವು. ಹಳೆಯ ಲೇಪವನ್ನು ಸ್ಪಿರಿಟ್ಟಿನಿಂದ ಒರೆಸಿ ಕಡಲೆಕಾಳಿನಷ್ಟು ಹೊಸದು ಹಾಕಿದೆವು. ಖರ್ಚು ಒಂದು ಬ್ರಷ್ಷು, ಒಂದು ಲೇಪದ ಟ್ಯೂಬು.

ಎರಡನೆಯದರ ತಾಪ ಅರವತ್ತರ ಮೇಲೆ ಏರಲೇ ಇಲ್ಲ, ಆದರೂ ಭಾರ ಬಿದ್ದ ಕ್ಷಣಕ್ಕೆ ಆರುತ್ತಿತ್ತು. ಪಕ್ಕದ ಒಳ್ಳೆಯ ಯಂತ್ರದ ಪವರ್ ಸಪ್ಲೈ ತಂದು ಜೋಡಿಸಿದೆವು. ಒಂದು ತಾಸು ದುಡಿದರೂ ಆರಲಿಲ್ಲ. ಹಳೆಯದನ್ನು ಬದಲಿಸಬೇಕೆಂದು ತಿಳಿಯಿತು. ಪವರ್ ಸಪ್ಲೈನ ಡಬ್ಬಿಯನ್ನು ಮಾತ್ರ ನಾವು ಬಿಚ್ಚಲಿಲ್ಲ, ಯಾರೂ ಬಿಚ್ಚಬಾರದು. ೨೩೦ ವೋಲ್ಟಿನ ಕರೆಂಟು ಅದರೊಳಗೆ ೩೨೫ ವೋಲ್ಟಿನವರೆಗೆ ಕೂಡಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರಬಹುದು.

ಮೂರನೆಯದು ಮಾನಿಟರಿನೊಂದಿಗೇ ಆರುತ್ತಿತ್ತು. ಹಾಗಾದರೆ ತಪ್ಪು ಪೆಟ್ಟಿಗೆಯದಲ್ಲ, ಅದಕ್ಕೆ ಕರೆಂಟು ಕೊಡುವ ಯುಪಿಎಸ್ಸಿನದು. ೬೦೦ ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು ೩೬೦ ವ್ಯಾಟ್. ಅದಕ್ಕೆ ಯಾರೋ ಲೇಸರ್ ಪ್ರಿಂಟರನ್ನೂ ಜೋಡಿಸಿದ್ದರು. ಲೇಸರ್ ಪ್ರಿಂಟರು ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವಾಗ ಇಸ್ತ್ರಿ ಪೆಟ್ಟಿಗೆಯಂತೆ ನೂರಾರು ವ್ಯಾಟ್ ಎಳೆಯುತ್ತದೆ. ಪ್ರಿಂಟರಿನ ವಾಯರನ್ನು ಗೋಡೆಯ ಪ್ಲಗ್ಗಿಗೆ ಹಾಕಿದೆವು. ರಿಪೇರಿ ಮುಗಿಯಿತು, ಖರ್ಚು ಸೊನ್ನೆ.

ಮೂರು ಯಂತ್ರ, ಮೂರು ಬೇರೆ ಬೇರೆ ಕಾರಣ, ಮೂರಕ್ಕೂ ಮೊದಲು ಸಿಕ್ಕಿದ್ದ ಔಷಧ ಒಂದೇ: ಫಾರ್ಮ್ಯಾಟ್. ನಾನು ಸಿಟ್ಟಾಗುವುದು ಇದಕ್ಕೆ. ಆ ಹುಡುಗಿ ಕೂತಿದ್ದದ್ದು ಮೊದಲನೆಯ ಯಂತ್ರದ ಮುಂದೆ. ಒಳಗಿನ ಕಂಬಳಿಯನ್ನು ತೆಗೆದು ಅವಳ ಕೈಯಲ್ಲೇ ಕೊಟ್ಟು, ‘ನೋಡವ್ವಾ, ಇದು ನೀ ಒತ್ತಿದ್ದರಿಂದ ಬಂದದ್ದಲ್ಲ’ ಎಂದೆ. ಅವಳ ಚಿತ್ರ ಆ ವಾರವೇ ಮುಗಿಯಿತು.

ಈಗ ಮೂರನೆಯ ಮಂತ್ರ: ‘ಹಳೇದಾತು.’ ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ನಿಂತ ಮೇಲೆ ಈ ಮಂತ್ರಕ್ಕೆ ಹೊಸ ಬಲ ಬಂದಿದೆ. ಸುರಕ್ಷತೆಯ ಪ್ರಶ್ನೆ ನಿಜವಾದದ್ದೇ. ಆದರೆ ಅದಕ್ಕೆ ಉಚಿತ ವ್ಯವಸ್ಥೆಗಳ ಉತ್ತರವೂ ಇದೆ. ಧೂಳು ತುಂಬಿದ ಯಂತ್ರವನ್ನು ಮುದಿ ಯಂತ್ರವೆಂದು ಕರೆದು ಗುಜರಿಗೆ ಸಾಗಿಸುವುದು ಬೇರೆ ಮಾತು. ಇ-ತ್ಯಾಜ್ಯದ ಹೊಸ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿವೆ, ಕಂಡಲ್ಲಿ ಒಗೆಯುವಂತಿಲ್ಲ. ಆದರೆ ಒಳ್ಳೆಯ ನಿಯಮಕ್ಕಿಂತ ಮೊದಲು ಬೇಕಾದದ್ದು ಒಳ್ಳೆಯ ಯಂತ್ರವನ್ನು ತ್ಯಾಜ್ಯವಾಗಿಸದ ಬುದ್ಧಿ. ಹೊಸ ಯಂತ್ರ ಬಂದರೂ ಅದು ಇದೇ ಕೋಣೆಗೆ, ಇದೇ ಧೂಳಿಗೆ ಬರುತ್ತದೆ. ಎರಡು ಬೇಸಿಗೆ ಕಳೆದರೆ ಅದೂ ಇದೇ ಆಗುತ್ತದೆ.

ನನ್ನ ಮಾತಿಗೆ ಎದುರು ಮಾತುಗಳಿವೆ. ‘ಶಿಕ್ಷಕರಿಗೆ ಈಗಾಗಲೇ ನೂರು ಕೆಲಸ, ಮೆಕ್ಯಾನಿಕ್ ಕೆಲಸವೂ ಬೇಕೇ?’ ಎಂದು ನನ್ನ ಓರಗೆಯವರೇ ಕೇಳುತ್ತಾರೆ. ಅವರ ದಣಿವು ನನಗೂ ಗೊತ್ತು; ನಾನೂ ಅದೇ ನೊಗದಲ್ಲಿದ್ದೇನೆ. ಎಲ್ಲರೂ ರಿಪೇರಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ರೋಗಿಯ ಮನೆಯವರು ವೈದ್ಯರಾಗಬೇಕಿಲ್ಲ, ಆದರೆ ಜ್ವರ ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಹೇಳಬಲ್ಲವರಾಗಿರಬೇಕು. ಆ ನಾಲ್ಕು ಪ್ರಶ್ನೆ ಕೇಳಲು ಬಂದರೆ ನಮಗೆ ಯಾರೂ ಸುಳ್ಳು ಹೇಳಲಾರರು. ‘ವಾರಂಟಿ ಹೋಗುತ್ತದೆ’ ಎಂಬುದು ಇನ್ನೊಂದು ಆಕ್ಷೇಪ. ವಾರಂಟಿ ಇರುವವರೆಗೆ ಮುದ್ರೆ ಮುಟ್ಟಬೇಡಿ, ಬರವಣಿಗೆಯಲ್ಲಿ ದೂರು ಕೊಡಿ, ಒಪ್ಪುತ್ತೇನೆ. ಆದರೆ ವಾರಂಟಿ ಮುಗಿದು ಎಷ್ಟೋ ವರ್ಷವಾದ ಪೆಟ್ಟಿಗೆಯ ಮುದ್ರೆಯನ್ನು ದೇವರ ಹುಂಡಿಯಂತೆ ಕಾಯುವುದು ಯಾವ ಕಾನೂನು?

‘ಹೆಣ್ಣುಮಕ್ಕಳ ಕೈಯಾಗ ಸ್ಕ್ರೂಡ್ರೈವರ್ ಯಾಕ್ರಿ’ ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ಉತ್ತರವೇ ಬೇಕಿಲ್ಲ. ಆದರೂ ಹೇಳುತ್ತೇನೆ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ತೋಪತೆಣಿಯ ಕೆಲಸ ಎಷ್ಟು ನಾಜೂಕಿನದೆಂದು ಈ ಊರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಮನೆಯ ಮಗುವಿಗೆ ನಾಲ್ಕು ಸ್ಕ್ರೂ ಬಿಚ್ಚುವುದು ಕಷ್ಟವೆಂದರೆ ನಗಬೇಕು.

ನೆರೆಯ ಕೇರಳದಲ್ಲಿ ೨೦೧೮ರಿಂದ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳಿವೆ. ಆನಿಮೇಷನ್ ಮುಂತಾದವುಗಳ ಜೊತೆಗೆ ಹಾರ್ಡ್‌ವೇರ್ ಪರಿಚಯವೂ ಅಲ್ಲಿ ಕಲಿಕೆಯ ಭಾಗ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದುತ್ತಿರುವುದೂ ಅದೇ ರಾಜ್ಯದ ವ್ಯವಸ್ಥೆಯಲ್ಲಿ. ನಮ್ಮಲ್ಲಿಯೂ ‘ಮಾಹಿತಿ ಸಿಂಧು’ ೨೦೦೧ರ ಹೊತ್ತಿಗೇ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ತಂದಿತು. ಅಂದು ಹುಟ್ಟಿದ ಕೂಸು ಇಂದು ದುಡಿಯುವ ವಯಸ್ಸಿಗೆ ಬಂದಿದೆ. ಇಷ್ಟು ವರ್ಷದಲ್ಲಿ ಹಚ್ಚುವುದನ್ನು ಕಲಿಸಿದ್ದೇವೆ. ಆರಿದರೆ ಯಾಕೆ ಆರಿತೆಂದು ಕೇಳುವುದನ್ನು ಕಲಿಸಿಲ್ಲ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ದೊಡ್ಡದೇನಲ್ಲ. ಯಂತ್ರವನ್ನು ಒಪ್ಪಿಸಿಕೊಳ್ಳುವಾಗ ಅರ್ಧ ತಾಸು ಪೂರ್ಣ ಭಾರ ಹೇರಿ, ಆರದಿದ್ದರೆ ಮಾತ್ರ ಸಹಿ ಹಾಕಬೇಕು. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುನ್ನ ಒಂದು, ದಸರೆಗೆ ಒಂದು, ಮಕ್ಕಳೂ ಕೂಡಿ ಧೂಳು ತೆಗೆಯಬೇಕು. ಪ್ರತಿ ಯಂತ್ರಕ್ಕೂ ಒಂದು ನೋಟುಬುಕ್ಕು ಇರಬೇಕು. ಅದರಲ್ಲಿ ಆರಿದ ದಿನ, ಹೊತ್ತು, ಮಾಡುತ್ತಿದ್ದ ಕೆಲಸ, ತಾಪ ಬರೆದಿರಬೇಕು. ಆ ಪುಸ್ತಕ ಓದದೆ ಯಾರೂ ಫಾರ್ಮ್ಯಾಟ್ ಹೊಡೆಯಕೂಡದು. ದಾಸ್ತಾನು ಪುಸ್ತಕದಲ್ಲಿ ‘ಚಾಲೂ’ ಎಂಬ ಕಾಲಮ್ಮಿನ ಪಕ್ಕದಲ್ಲಿ ‘ಭಾರದಲ್ಲಿ ನಿಲ್ಲುತ್ತದೆಯೇ?’ ಎಂಬ ಇನ್ನೊಂದು ಕಾಲಮ್ಮು ಬೇಕು.

ತಪಾಸಣೆ ಮಾಡುವ ಸಾಹೇಬರಲ್ಲಿ ನನ್ನ ವಿನಂತಿ ಇಷ್ಟೇ. ಬೆಳಿಗ್ಗೆ ತಂಪಿನಲ್ಲಿ ಬಂದು ಹೂವಿನ ಚಿತ್ರ ನೋಡಿ ಹೋಗಬೇಡಿ. ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಬನ್ನಿ. ಎಲ್ಲ ಯಂತ್ರಗಳ ಮುಂದೆಯೂ ಮಕ್ಕಳನ್ನು ಕೂಡಿಸಿ, ಎಲ್ಲರಿಗೂ ನಿಜವಾದ ಕೆಲಸ ಕೊಡಿ, ಅರ್ಧ ತಾಸು ಅಲ್ಲೇ ಕುಳಿತಿರಿ. ಆಮೇಲೆ ಎದ್ದು ಎಣಿಸಿ. ಆಗ ಬರುವ ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಅದನ್ನೇ ಬರೆದುಕೊಳ್ಳಿ.